ಅರ್ಧ ತಿರುಗಿಸು: ಪರಮಾಣುವಿನ ಲೆಕ್ಕ ಕಲಿತದ್ದು, ಕಲಿಸಿದ್ದು

1987ರ ಮಳೆಗಾಲದಲ್ಲಿ, ಬಾಯಾರಿನ ಕಡೆಯ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಹನ್ನೊಂದು ದಿನ ಲೆಕ್ಕ ಮಾಡಿದ ಮೇಲೆ, ಹೀಲಿಯಂ ಪರಮಾಣುವಿನ ಒಟ್ಟು ಶಕ್ತಿ ಮೈನಸ್ 50 ಎಲೆಕ್ಟ್ರಾನ್ ವೋಲ್ಟ್ ಎಂಬ ಉತ್ತರ ನನಗೆ ಬಂತು. ಪ್ರಯೋಗದಿಂದ ತಿಳಿದಿರುವ ಬೆಲೆ ಮೈನಸ್ 79. ಆಗಷ್ಟೇ ಎಂ.ಎಸ್ಸಿ. ಮುಗಿಸಿ, ಮುಂದೇನು ಎಂಬುದು ಗೊತ್ತಾಗದೆ ಮನೆಗೆ ಬಂದಿದ್ದ ನನ್ನ ಬಳಿ ಇದ್ದದ್ದು ಬೆಳಕಿನಿಂದ ನಡೆಯುವ ಒಂದು ಸಣ್ಣ ಕ್ಯಾಲ್ಕುಲೇಟರ್, ಎರಡು ದಸ್ತು ಕಾಗದ ಮತ್ತು ಕರೆಂಟಿಲ್ಲದ ಸಂಜೆಗಳು. ಮೋಡ ಕವಿದರೆ ಕ್ಯಾಲ್ಕುಲೇಟರಿನ ಅಂಕಿಗಳು ಮಸುಕಾಗುತ್ತಿದ್ದವು. ಆಗ ಚಾವಡಿಯಿಂದ ಎದ್ದು ಅಂಗಳದ ಅಂಚಿಗೆ ಹೋಗಿ, ಮಾಡಿನ ನೀರು ತಾಗದಂತೆ ಕೈ ಮಾತ್ರ ಹೊರಗೆ ಚಾಚಿ ಅಂಕಿ ಓದಿಕೊಂಡು ಬರುತ್ತಿದ್ದೆ. ಅಷ್ಟು ಮಾಡಿಯೂ ಇಪ್ಪತ್ತೊಂಬತ್ತು ಎಲೆಕ್ಟ್ರಾನ್ ವೋಲ್ಟಿನ ವ್ಯತ್ಯಾಸ ಉಳಿದಿತ್ತು, ಅದು ಕೂಡಿಸುವಾಗ ಕೈತಪ್ಪಿ ಆಗುವಷ್ಟು ಸಣ್ಣದಲ್ಲ.

ಆ ತಪ್ಪು ಎಲ್ಲಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಲೆಕ್ಕ ಏನು, ಅದನ್ನು ನಾನೇಕೆ ಕೈಯಿಂದ ಮಾಡಹೊರಟೆ ಎಂಬುದನ್ನು ತಿಳಿಸಬೇಕು.

ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಾಸರಗೋಡು ಆಗ ಇನ್ನೂ ಕಣ್ಣೂರು ಜಿಲ್ಲೆಯೊಳಗಿನ ತಾಲೂಕು, ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಪ್ರಿಡಿಗ್ರಿಗೆ ಸೇರಿದಾಗ ಪಾಠ ಇಂಗ್ಲಿಷಿಗೆ ಹೊರಳಿತು, ಪಕ್ಕದಲ್ಲಿ ಕುಳಿತ ಗೆಳೆಯನ ಮಾತು ಮಲಯಾಳಕ್ಕೆ ಹೊರಳಿತು, ಮನೆಯಲ್ಲಿ ಕನ್ನಡ ಮತ್ತು ತೋಟದ ಕೆಲಸದವರ ಜತೆ ತುಳು ಇದ್ದ ಹಾಗೆಯೇ ಇದ್ದವು. ಇಷ್ಟು ಭಾಷೆಗಳ ನಡುವೆ ಬೆಳೆದವನಿಗೆ ಶಬ್ದಗಳನ್ನು ಸುಲಭಕ್ಕೆ ನಂಬದ ಒಂದು ಅಭ್ಯಾಸ ಬರುತ್ತದೆ. ಶಾಲೆಯ ಗಣಿತದಲ್ಲಿ ‘ಉತ್ಪನ್ನ’ (ಫಂಕ್ಷನ್) ಎಂದು ಕಲಿತದ್ದೇ ರಸಾಯನಶಾಸ್ತ್ರದ ಪುಟದಲ್ಲಿ ಬೇರೆಯೇ ವಸ್ತುವಾಗಿತ್ತು. ಹಾಗಾಗಿ ತರಂಗ ಉತ್ಪನ್ನ (ವೇವ್ ಫಂಕ್ಷನ್, ಎಲೆಕ್ಟ್ರಾನ್ ಎಲ್ಲೆಲ್ಲಿ ಎಷ್ಟು ಹರಡಿಕೊಂಡಿದೆ ಎಂಬುದನ್ನು ತಿಳಿಸುವ ಗಣಿತದ ರೂಪ) ಎಂದರೇನು ಎಂದು ಯಾರಾದರೂ ವ್ಯಾಖ್ಯೆ ಹೇಳಿದರೆ ನನಗೆ ಸಮಾಧಾನವಾಗುತ್ತಿರಲಿಲ್ಲ. ಅಂಕಿ ಹಾಕಿ, ಗ್ರಾಫ್ ಕಾಗದದ ಮೇಲೆ ಚುಕ್ಕಿ ಇಟ್ಟು ನೋಡಿದರೆ ಮಾತ್ರ ಆಗುತ್ತಿತ್ತು.

ಹೈಡ್ರೋಜನ್ ಪರಮಾಣುವಿನಲ್ಲಿ ಒಂದೇ ಎಲೆಕ್ಟ್ರಾನ್ ಇರುವುದರಿಂದ ಅದರ ಸಮೀಕರಣವನ್ನು ಕಾಗದದ ಮೇಲೆ ಪೂರ್ತಿಯಾಗಿ ಬಿಡಿಸಬಹುದು, ಉತ್ತರ ಮೈನಸ್ 13.6 ಎಲೆಕ್ಟ್ರಾನ್ ವೋಲ್ಟ್. ಹೀಲಿಯಂಗೆ ಬಂದರೆ ಎರಡು ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುತ್ತವೆ. ಮೊದಲನೆಯದು ಎಲ್ಲಿದೆ ಎಂಬುದನ್ನು ಅವಲಂಬಿಸಿ ಎರಡನೆಯದರ ಇರವು, ಎರಡನೆಯದನ್ನು ಅವಲಂಬಿಸಿ ಮೊದಲನೆಯದರದು. ಈ ತಳ್ಳಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಮೈನಸ್ 108.8 ಎಂಬ ಅಸಂಬದ್ಧ ಉತ್ತರ ಬರುತ್ತದೆ. ತೆಗೆದುಕೊಂಡರೆ ಸಮೀಕರಣಕ್ಕೆ ಹೈಡ್ರೋಜನ್ನಿನಂಥ ಅಚ್ಚುಕಟ್ಟಾದ ಸೂತ್ರರೂಪದ ಉತ್ತರ ಸಿಗುವುದಿಲ್ಲ. ಕ್ವಾಂಟಂ ಮೆಕ್ಯಾನಿಕ್ಸ್ ಹುಟ್ಟಿದ ಎರಡು ಮೂರು ವರ್ಷಗಳೊಳಗೇ ಎಲ್ಲರೂ ಬಂದು ನಿಂತದ್ದು ಈ ಗೋಡೆಯ ಮುಂದೆ.

ಗೋಡೆ ದಾಟುವ ಒಂದು ದಾರಿಯನ್ನು 1928ರಲ್ಲಿ ಕೇಂಬ್ರಿಜ್‌ನ ಡಗ್ಲಸ್ ಹಾರ್ಟ್ರೀ ತೋರಿಸಿದರು. 1897ರಲ್ಲಿ ಹುಟ್ಟಿದ ಹಾರ್ಟ್ರೀ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳನ್ನು ಹೊಡೆಯುವ ಫಿರಂಗಿಗಳ ಗುಂಡಿನ ಹಾದಿಯನ್ನು ಲೆಕ್ಕ ಹಾಕುವ ಕೆಲಸದಲ್ಲಿದ್ದವರು, ಹಂತ ಹಂತವಾಗಿ ಅಂಕಿಗಳಿಂದ ಸಮೀಕರಣ ಬಿಡಿಸುವುದು ಅವರಿಗೆ ಕೈಗೆ ಹತ್ತಿದ ಕೆಲಸ. ಅವರ ಉಪಾಯ ಇಷ್ಟು. ಎಲೆಕ್ಟ್ರಾನುಗಳು ಹೀಗೆ ಹರಡಿಕೊಂಡಿರಬಹುದು ಎಂದು ಮೊದಲು ಒಂದು ಊಹೆ ಮಾಡಿಕೊಳ್ಳಬೇಕು. ಆ ಹರಡುವಿಕೆಯಿಂದ ಉಂಟಾಗುವ ಸರಾಸರಿ ವಿದ್ಯುತ್ ಕ್ಷೇತ್ರವನ್ನು ಲೆಕ್ಕ ಹಾಕಬೇಕು. ಆ ಕ್ಷೇತ್ರದಲ್ಲಿ ಒಂಟಿ ಎಲೆಕ್ಟ್ರಾನ್ ಹೇಗೆ ಹರಡಿಕೊಳ್ಳುತ್ತದೆ ಎಂದು ಸಮೀಕರಣ ಬಿಡಿಸಿ ನೋಡಬೇಕು. ಹೊಸ ಹರಡುವಿಕೆ ಹಳೆಯ ಊಹೆಗೆ ಹೊಂದದಿದ್ದರೆ ಹೊಸದನ್ನೇ ಊಹೆಯಾಗಿಟ್ಟುಕೊಂಡು ಮತ್ತೆ ಮೊದಲಿನಿಂದ. ಹಾಕಿದ್ದೂ ಬಂದದ್ದೂ ಒಂದೇ ಆಗುವ ತನಕ ಹೀಗೆಯೇ ಸುತ್ತಬೇಕು. ಇದಕ್ಕೆ ಕನ್ನಡದಲ್ಲಿ ‘ಸ್ವಸಂಗತ ಕ್ಷೇತ್ರ’ ಎನ್ನುವುದುಂಟು. ಶಬ್ದ ಸರಿಯಾಗಿಯೇ ಇದೆ, ಆದರೆ ಅದನ್ನು ಕೇಳಿದ ಯಾವ ವಿದ್ಯಾರ್ಥಿಯ ಮುಖವೂ ಅರಳಿದ್ದನ್ನು ನಾನು ನೋಡಿಲ್ಲ.

ನನಗೆ ಅದು ಅರ್ಥವಾದದ್ದು ತೋಟದಲ್ಲಿ. ನಮ್ಮದು ಗುಡ್ಡದ ಇಳಿಜಾರಿನ ಅಡಿಕೆ ತೋಟ. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ಸುರಂಗದಿಂದ ಬೆರಳುಗಾತ್ರದ ನೀರು ಹಗಲೂ ರಾತ್ರಿಯೂ ಹರಿದು ಮೇಲಿನ ತೊಟ್ಟಿಗೆ ಬೀಳುತ್ತದೆ, ತೊಟ್ಟಿಯಿಂದ ಒಂದು ದೊಡ್ಡ ಪೈಪು ಇಳಿದು ನಾಲ್ಕು ಕವಲಾಗುತ್ತದೆ. ಪ್ರತಿ ಕವಲಿಗೂ ಒಂದು ಗೇಟ್‌ವಾಲ್ವ್. ಕೆಳಗಿನ ಕವಲಿನಲ್ಲಿ ಒತ್ತಡ ಹೆಚ್ಚು, ಮೇಲಿನದರಲ್ಲಿ ಕಡಿಮೆ. ಮೇಲಿನದಕ್ಕೆ ನೀರು ಸಾಲದೆಂದು ಅದರ ವಾಲ್ವ್ ತೆರೆದರೆ ಉಳಿದ ಮೂರರಲ್ಲಿ ನೀರು ಇಳಿಯುತ್ತದೆ, ಆ ಮೂರನ್ನು ಸರಿಪಡಿಸಿ ಬರುವಷ್ಟರಲ್ಲಿ ಮೇಲಿನದು ಮತ್ತೆ ಸೊರಗಿರುತ್ತದೆ. ಹುಡುಗನಾಗಿದ್ದಾಗ ಬೇಸಗೆಯ ಬೆಳಗ್ಗೆ ಈ ನಾಲ್ಕು ವಾಲ್ವುಗಳ ನಡುವೆ ಓಡಾಡುವುದು ನನ್ನ ಕೆಲಸವಾಗಿತ್ತು. ನಾನು ಎಷ್ಟು ಕಡಿಮೆ ಕಂಡಿತೋ ಅಷ್ಟನ್ನೂ ಒಮ್ಮೆಲೇ ತಿರುಗಿಸಿಬಿಡುತ್ತಿದ್ದೆ, ಆಗ ಕೆಳಗಿನದು ಬತ್ತುತ್ತಿತ್ತು, ಅದನ್ನು ಸರಿಮಾಡಿದರೆ ಮೇಲಿನದು ಬತ್ತುತ್ತಿತ್ತು. ಅಪ್ಪ ಒಂದು ದಿನ ನೋಡಿ, “ಬೇಕೆಂದು ಕಂಡದ್ದರಲ್ಲಿ ಅರ್ಧ ಮಾತ್ರ ತಿರುಗಿಸು, ಮತ್ತೊಂದು ಸುತ್ತು ಬರುವಾಗ ಉಳಿದದ್ದರ ಅರ್ಧ” ಎಂದರು. ಹಾಗೆ ಮಾಡಿದಾಗ ನಾಲ್ಕೈದು ಸುತ್ತಿನಲ್ಲಿ ಯಾವ ವಾಲ್ವನ್ನೂ ಮುಟ್ಟಬೇಕಾಗದ ಸ್ಥಿತಿ ಬರುತ್ತಿತ್ತು.

ಆ ಸ್ಥಿತಿಯೇ ಸ್ವಸಂಗತ. ಅರ್ಧ ತಿರುಗಿಸುವ ಆ ಉಪಾಯವೂ ಪರಮಾಣು ಲೆಕ್ಕದಲ್ಲಿ ಇದೆ: ಹೊಸ ಹರಡುವಿಕೆಯನ್ನು ಪೂರ್ತಿ ಒಪ್ಪಿಕೊಳ್ಳದೆ ಹಳೆಯದರ ಒಂದು ಭಾಗವನ್ನು ಅದರೊಂದಿಗೆ ಬೆರೆಸಿ ಮುಂದಿನ ಸುತ್ತಿಗೆ ಹಾಕುತ್ತಾರೆ. ಹೀಲಿಯಂನಲ್ಲಿ ಬೆರಕೆಯಿಲ್ಲದೆಯೂ ಲೆಕ್ಕ ಮೇಲೆ ಕೆಳಗೆ ತೂಗಾಡುತ್ತ ಒಂದು ಕಡೆ ನಿಲ್ಲುತ್ತದೆ, ಭಾರದ ಪರಮಾಣುಗಳಲ್ಲಿ ಅನೇಕ ಸಲ ನಿಲ್ಲುವುದಿಲ್ಲ. ತೂಗಾಟದ ಕಾರಣ ಸರಳವಾದದ್ದು. ಎಲೆಕ್ಟ್ರಾನ್ ಬೀಜಕೇಂದ್ರಕ್ಕೆ ತೀರ ಹತ್ತಿರ ಮುದುಡಿಕೊಂಡಿದೆ ಎಂದು ಊಹಿಸಿದರೆ, ಅದು ಬೀಜಕೇಂದ್ರದ ವಿದ್ಯುದಾವೇಶವನ್ನು ಇನ್ನೊಂದು ಎಲೆಕ್ಟ್ರಾನಿನಿಂದ ಬಹಳವಾಗಿ ಮರೆಮಾಡುತ್ತದೆ. ಮರೆ ಹೆಚ್ಚಾದ್ದರಿಂದ ಹೊಸ ಉತ್ತರದಲ್ಲಿ ಎಲೆಕ್ಟ್ರಾನ್ ದೂರಕ್ಕೆ ಹರಡುತ್ತದೆ. ದೂರಕ್ಕೆ ಹರಡಿದರೆ ಮರೆ ಕಡಿಮೆ, ಮುಂದಿನ ಸುತ್ತಿನಲ್ಲಿ ಅದು ಪುನಃ ಮುದುಡುತ್ತದೆ.

ಹಾರ್ಟ್ರೀಯವರ ಕತೆಯಲ್ಲಿ ನನಗೆ ಇಷ್ಟವಾದ ಒಂದು ಸಂಗತಿಯೆಂದರೆ, ಆ ಸುತ್ತುಗಳಲ್ಲಿ ಬಹಳಷ್ಟನ್ನು ಸುತ್ತಿದವರು ಅವರ ತಂದೆ. ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಕಲಿಸಿ ಆ ಕೆಲಸವನ್ನು ಬಿಟ್ಟಿದ್ದ ವಿಲಿಯಂ ಹಾರ್ಟ್ರೀ ಮಗನ ವಿಧಾನದಲ್ಲಿ ಒಂದೊಂದೇ ಪರಮಾಣುವನ್ನು ಎತ್ತಿಕೊಂಡು ಕೈಯಂತ್ರ ತಿರುಗಿಸುತ್ತ ಲೆಕ್ಕ ಮಾಡಿದರು, 1930ರ ದಶಕದಲ್ಲಿ ತಂದೆ ಮಗ ಇಬ್ಬರ ಹೆಸರಿನಲ್ಲೂ ಪ್ರಬಂಧಗಳು ಹೊರಬಂದವು. ಮಗ ಮ್ಯಾಂಚೆಸ್ಟರಿನಲ್ಲಿ ಇದ್ದಾಗ, ಅವಕಲ ಸಮೀಕರಣ (ಡಿಫರೆನ್ಶಿಯಲ್ ಈಕ್ವೇಶನ್) ಬಿಡಿಸುವ ಒಂದು ಯಂತ್ರದ ಮಾದರಿಯನ್ನು ಆರ್ಥರ್ ಪೋರ್ಟರ್ ಎಂಬ ವಿದ್ಯಾರ್ಥಿಯ ಜತೆ ಸೇರಿ ಮಕ್ಕಳ ಮೆಕಾನೋ ಆಟಿಕೆಯ ಬಿಡಿಭಾಗಗಳಿಂದ ಕಟ್ಟಿದರು. ಅದು 1934ರಲ್ಲಿ. ಆಟಿಕೆಯ ಯಂತ್ರದಿಂದಲೂ ಪರಮಾಣುವಿನ ಲೆಕ್ಕ ನಡೆಯಿತು ಎಂದು ಓದಿದ ದಿನವೇ ನನ್ನ ಕ್ಯಾಲ್ಕುಲೇಟರಿನ ಮೇಲೆ ನನಗಿದ್ದ ಅಸಮಾಧಾನ ಹೋದದ್ದು.

ಈಗ ಚಾವಡಿಯ ಲೆಕ್ಕಕ್ಕೆ ಬರುತ್ತೇನೆ. ಸಮೀಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಲು ನಾನು ಬಳಸಿದ್ದು ನ್ಯೂಮರಾವ್ ವಿಧಾನ. ರಷ್ಯದ ಖಗೋಳಶಾಸ್ತ್ರಜ್ಞನೊಬ್ಬ ಆಕಾಶಕಾಯಗಳ ಹಾದಿಯ ಲೆಕ್ಕಕ್ಕಾಗಿ ರೂಪಿಸಿದ ಈ ವಿಧಾನದಲ್ಲಿ ಹಿಂದಿನ ಎರಡು ಬಿಂದುಗಳ ಬೆಲೆ ಗೊತ್ತಿದ್ದರೆ ಮುಂದಿನದು ಸಿಗುತ್ತದೆ, ಹೆಜ್ಜೆಯನ್ನು ಸಣ್ಣದು ಮಾಡಿದರೆ ತಪ್ಪು ಬಹಳ ವೇಗವಾಗಿ ಇಳಿಯುತ್ತದೆ. ಮೊದಲು ಹೈಡ್ರೋಜನ್ನಿಗೆ ಹಾಕಿ ನೋಡಿದೆ. ಪರಮಾಣು ಮಾನದಲ್ಲಿ (ಒಂದು ಮಾನವೆಂದರೆ ಸುಮಾರು 27.2 ಎಲೆಕ್ಟ್ರಾನ್ ವೋಲ್ಟ್) ಮೈನಸ್ 0.5 ಬರಬೇಕು, ಮೂರನೆಯ ದಶಮಾಂಶದಲ್ಲೇ ತಪ್ಪು ಬಂತು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ್ದು ಇದು: ಲೆಕ್ಕಕ್ಕೆ ಇಟ್ಟುಕೊಂಡದ್ದು ದೂರದಿಂದ ಗುಣಿಸಿದ ತರಂಗ, ಬೀಜಕೇಂದ್ರದಲ್ಲಿ ಅದರ ಬೆಲೆ ಸೊನ್ನೆ, ಆದರೆ ಅಲ್ಲಿ ಸೆಳೆತ ಅನಂತ. ಸೊನ್ನೆಯಿಂದ ಗುಣಿಸಿದ್ದೆಲ್ಲ ಸೊನ್ನೆ ಎಂದು ಶಾಲೆಯ ಬುದ್ಧಿಯಲ್ಲಿ ನಾನು ಮೊದಲ ಪದವನ್ನು ಬಿಟ್ಟುಬಿಟ್ಟಿದ್ದೆ. ಸೊನ್ನೆಯನ್ನೂ ಅನಂತವನ್ನೂ ಗುಣಿಸಿದಾಗ ಅಲ್ಲಿ ಉಳಿಯುವುದು ಒಂದು ನಿಶ್ಚಿತ ಸಂಖ್ಯೆ, ಅದನ್ನು ಸೇರಿಸಿದೊಡನೆ ಹೈಡ್ರೋಜನ್ ಸರಿಯಾಯಿತು. ಈ ಗುಂಡಿಗೆ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರೂ ಬಿದ್ದಿದ್ದಾರೆ, ನಾನೂ ಮೊದಲೇ ಎಚ್ಚರಿಸುವುದಿಲ್ಲ.

ಹೀಲಿಯಂನಲ್ಲಿ ಪ್ರತಿ ಸುತ್ತಿಗೂ ಎರಡು ಕೆಲಸ. ಒಂದು, ಇನ್ನೊಂದು ಎಲೆಕ್ಟ್ರಾನಿನ ಹರಡುವಿಕೆಯಿಂದ ತಳ್ಳುವ ಕ್ಷೇತ್ರವನ್ನು ಕಂಡುಹಿಡಿಯುವುದು. ಯಾವುದೇ ದೂರದಲ್ಲಿ ನಿಂತರೂ, ಒಳಗಿರುವ ಆವೇಶವೆಲ್ಲ ಕೇಂದ್ರದಲ್ಲೇ ಇದ್ದಂತೆ ವರ್ತಿಸುತ್ತದೆ, ಹೊರಗಿನ ಗೋಳದ ಸಿಪ್ಪೆಗಳಿಂದ ಬಲವಿಲ್ಲ. ಹೀಗಾಗಿ ಕೂಡಿಸುತ್ತ ಹೋದರೆ ಸಾಕು. ಎರಡು, ಆ ಕ್ಷೇತ್ರದಲ್ಲಿ ಶಕ್ತಿಯ ಬೆಲೆಯೊಂದನ್ನು ಊಹಿಸಿ ತರಂಗವನ್ನು ಒಳಗಿನಿಂದ ಹೊರಕ್ಕೆ ಎಳೆಯುತ್ತ ಹೋಗುವುದು. ಶಕ್ತಿಯನ್ನು ಬೇಕಾದ್ದಕ್ಕಿಂತ ಕೆಳಗೆ ಊಹಿಸಿದರೆ ದೂರದಲ್ಲಿ ಗೆರೆ ಮೇಲಕ್ಕೆ ಹಾರಿಹೋಗುತ್ತದೆ, ಮೇಲೆ ಊಹಿಸಿದರೆ ಅಡ್ಡಗೆರೆಯನ್ನು ದಾಟಿ ಕೆಳಕ್ಕೆ ಧುಮುಕುತ್ತದೆ, ಸರಿಯಾದ ಬೆಲೆಯಲ್ಲಿ ಮಾತ್ರ ಅಡ್ಡಗೆರೆಗೆ ತಾಗಿಕೊಂಡು ಸಾಯುತ್ತದೆ. ನಾಲ್ಕನೆಯ ಸುತ್ತಿನ ಹೊತ್ತಿಗೆ ನನ್ನ ಎಲೆಕ್ಟ್ರಾನಿನ ಶಕ್ತಿ ಮೈನಸ್ 0.918 ಪರಮಾಣು ಮಾನದ ಹತ್ತಿರ ನಿಲ್ಲತೊಡಗಿತು. ಅದೆಂದರೆ ಸುಮಾರು ಮೈನಸ್ 25 ಎಲೆಕ್ಟ್ರಾನ್ ವೋಲ್ಟ್. ಹೀಲಿಯಂನಿಂದ ಒಂದು ಎಲೆಕ್ಟ್ರಾನನ್ನು ಕೀಳಲು ಬೇಕಾಗುವುದು 24.6. ಇಷ್ಟು ಹತ್ತಿರ ಬಂದದ್ದನ್ನು ಕಂಡು ಸಂತೋಷದಲ್ಲಿ, ಎಲೆಕ್ಟ್ರಾನುಗಳು ಎರಡಲ್ಲವೇ ಎಂದು ಎರಡರಿಂದ ಗುಣಿಸಿದೆ. ಮೈನಸ್ 50.

ತಪ್ಪು ಇದ್ದದ್ದು ಆ ಗುಣಾಕಾರದಲ್ಲಿ. ಮೊದಲನೆಯ ಎಲೆಕ್ಟ್ರಾನಿನ ಶಕ್ತಿಯಲ್ಲಿ ಅದು ಎರಡನೆಯದರಿಂದ ತಳ್ಳಿಸಿಕೊಂಡದ್ದು ಸೇರಿದೆ, ಎರಡನೆಯದರ ಶಕ್ತಿಯಲ್ಲಿ ಅದು ಮೊದಲನೆಯದರಿಂದ ತಳ್ಳಿಸಿಕೊಂಡದ್ದು ಸೇರಿದೆ. ತಳ್ಳಾಟ ನಡೆದದ್ದು ಒಂದೇ, ಅದನ್ನು ಎರಡು ಸಲ ಎಣಿಸಿಬಿಟ್ಟೆ. ಬೇಲಿಯ ಖರ್ಚನ್ನು ಎರಡು ಮನೆಯವರೂ ತಮ್ಮ ತಮ್ಮ ಲೆಕ್ಕದಲ್ಲಿ ಪೂರ್ತಿಯಾಗಿ ಬರೆದುಕೊಂಡ ಹಾಗೆ. ಆ ತಳ್ಳಾಟದ ಬೆಲೆ 1.026 ಪರಮಾಣು ಮಾನ. ಒಮ್ಮೆ ಅದನ್ನು ಕಳೆದಾಗ ಒಟ್ಟು ಮೈನಸ್ 2.862, ಅಂದರೆ ಮೈನಸ್ 77.9 ಎಲೆಕ್ಟ್ರಾನ್ ವೋಲ್ಟ್. ಇದು ನನಗೆ ಹೊಳೆದದ್ದು ಲೆಕ್ಕ ಮಾಡುವಾಗ ಅಲ್ಲ, ಮೂರು ದಿನ ಕಾಗದಗಳನ್ನು ಕಟ್ಟಿಟ್ಟು ಕೊಳೆರೋಗಕ್ಕೆ ಮೈಲುತುತ್ತಿನ ದ್ರಾವಣ ಹೊಡೆಯುವವರಿಗೆ ಕೊಡಪಾನ ಎತ್ತಿಕೊಡುತ್ತಿದ್ದಾಗ.

ಉಳಿದ ಒಂದು ಚಿಲ್ಲರೆ ಎಲೆಕ್ಟ್ರಾನ್ ವೋಲ್ಟ್ ಹಾಗೆಯೇ ಉಳಿಯಿತು, ಎಷ್ಟು ಸುತ್ತು ಸುತ್ತಿದರೂ ಅದು ಹೋಗಲಿಲ್ಲ. ನನ್ನ ಮುಂದಿನ ಮೂವತ್ತು ವರ್ಷಗಳ ಕೆಲಸ ಒಂದು ರೀತಿಯಲ್ಲಿ ಆ ಒಂದು ಎಲೆಕ್ಟ್ರಾನ್ ವೋಲ್ಟಿನ ಸುತ್ತಲೇ ನಡೆದದ್ದು. ಹಾರ್ಟ್ರೀ ವಿಧಾನದಲ್ಲಿ ಒಂದು ಎಲೆಕ್ಟ್ರಾನ್ ಇನ್ನೊಂದರ ಸರಾಸರಿಯನ್ನು ಮಾತ್ರ ಕಾಣುತ್ತದೆ, ಈ ಕ್ಷಣದಲ್ಲಿ ಅದು ಎಲ್ಲಿದೆ ಎಂಬುದನ್ನು ಕಾಣುವುದಿಲ್ಲ. ನಿಜದಲ್ಲಿ ಎರಡೂ ಒಂದನ್ನೊಂದು ಕ್ಷಣಕ್ಷಣಕ್ಕೆ ತಪ್ಪಿಸಿಕೊಂಡು ಓಡಾಡುತ್ತವೆ. 1930ರಲ್ಲಿ ಫಾಕ್ ಮತ್ತು ಸ್ಲೇಟರ್ ಹಾರ್ಟ್ರೀಯವರ ವಿಧಾನದಲ್ಲಿದ್ದ ಬೇರೊಂದು ಕೊರತೆಯನ್ನು, ಎಲೆಕ್ಟ್ರಾನುಗಳನ್ನು ಅದಲುಬದಲು ಮಾಡಿದಾಗ ತರಂಗದ ಚಿಹ್ನೆ ಬದಲಾಗಬೇಕೆಂಬ ನಿಯಮ ಅದರಲ್ಲಿಲ್ಲ ಎಂಬುದನ್ನು, ಸರಿಪಡಿಸಿದರು. ಆದರೆ ಹೀಲಿಯಂನ ಕೆಳಗಿನ ಸ್ಥಿತಿಯಲ್ಲಿ ಎರಡರ ಸ್ಪಿನ್ (ಎಲೆಕ್ಟ್ರಾನಿಗೆ ಸಹಜವಾಗಿರುವ ಒಂದು ಬಗೆಯ ಭ್ರಮಣ ಗುಣ) ವಿರುದ್ಧವಾಗಿರುವುದರಿಂದ ಆ ತಿದ್ದುಪಡಿಯಿಂದ ಇಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಆಗುವುದಿಲ್ಲ. ಎಲೆಕ್ಟ್ರಾನುಗಳ ನಡುವಿನ ದೂರವನ್ನೇ ನೇರವಾಗಿ ತರಂಗದೊಳಗೆ ತಂದು 1929ರಷ್ಟು ಹಿಂದೆಯೇ ಹೀಲಿಯಂನ ಶಕ್ತಿಯನ್ನು ಪ್ರಯೋಗಕ್ಕೆ ಬಹಳ ಹತ್ತಿರ ತಂದವರು ನಾರ್ವೆಯ ಹೈಲರಾಸ್.

ಸಂಶೋಧನೆಯ ವರ್ಷಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ದೂರದ ಊರೊಂದರಲ್ಲಿ, ಪರಮಾಣು ಸಿದ್ಧಾಂತ ಎಂದರೆ ಮುಗಿದುಹೋದ ವಿಷಯ ಎಂದು ತಿಳಿದವರ ನಡುವೆ, ಬೆಳಕಿನಿಂದ ಪರಮಾಣುವಿನ ಎಲೆಕ್ಟ್ರಾನ್ ಹಾರಿಬರುವ ಪ್ರಕ್ರಿಯೆಯ ಮೇಲೆ ಕೆಲಸ ಮಾಡಿದೆ. ಆಗ ನನಗೆ ದಾರಿದೀಪವಾದದ್ದು ಉಗೊ ಫಾನೊ ಅವರ ಬರಹಗಳು. ಇಟಲಿಯಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿಯವರ ಬಳಿ ಕೆಲಸ ಮಾಡಿ ಅಮೆರಿಕಕ್ಕೆ ಹೋದ ಫಾನೊ 1961ರಲ್ಲಿ ವರ್ಣಪಟಲದಲ್ಲಿ ಕಾಣುವ ಒಂದು ವಿಚಿತ್ರ ಆಕಾರದ ಗೆರೆಯನ್ನು ವಿವರಿಸಿದರು, ಒಂದು ಕಡೆ ಕಣಿವೆ, ಪಕ್ಕದಲ್ಲೇ ಶಿಖರ. 1963ರಲ್ಲಿ ಮ್ಯಾಡೆನ್ ಮತ್ತು ಕಾಡ್ಲಿಂಗ್ ಸಿಂಕ್ರೊಟ್ರಾನ್ ಎಂಬ ಕಣವೇಗವರ್ಧಕ ಯಂತ್ರದ ಬೆಳಕನ್ನು ಹೀಲಿಯಂ ಮೂಲಕ ಹಾಯಿಸಿದಾಗ 60 ಎಲೆಕ್ಟ್ರಾನ್ ವೋಲ್ಟಿನ ಬಳಿ ಅದೇ ಆಕಾರ ಕಂಡಿತು. ಎರಡು ಎಲೆಕ್ಟ್ರಾನುಗಳೂ ಒಟ್ಟಿಗೆ ಮೇಲಿನ ಮಟ್ಟಕ್ಕೆ ಏರಿದ ಸ್ಥಿತಿ ಅದು. ಕ್ಷಣದೊಳಗೆ ಒಂದು ಕೆಳಕ್ಕೆ ಬಿದ್ದು, ಉಳಿದ ಶಕ್ತಿಯನ್ನು ಇನ್ನೊಂದಕ್ಕೆ ಕೊಟ್ಟು ಅದನ್ನು ಹೊರಕ್ಕೆ ಅಟ್ಟುತ್ತದೆ. ಪ್ರತಿ ಎಲೆಕ್ಟ್ರಾನಿಗೂ ತನ್ನದೇ ಸ್ವಂತ ಮನೆ ಎಂದು ಬಗೆಯುವ ಹಾರ್ಟ್ರೀ ಚಿತ್ರಕ್ಕೆ ಇಲ್ಲಿ ಕೆಲಸವೇ ಇಲ್ಲ.

ಅನಂತರ ನಮ್ಮ ಜಿಲ್ಲೆಯ ಕಾಲೇಜೊಂದರಲ್ಲಿ ಅಧ್ಯಾಪಕನಾದೆ. ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಪೆರ್ಲ, ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆಯ ಕನ್ನಡ ಶಾಲೆಗಳಿಂದ ಬಂದವರು, ಉಳಿದವರು ಚಂದ್ರಗಿರಿ ಹೊಳೆಯ ಆಚೆಯಿಂದ ಬರುವ ಮಲಯಾಳ ಮಾಧ್ಯಮದವರು. ಪುಸ್ತಕ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್. ಮೊದಲ ವರ್ಷ ನಾನು ಹಲಗೆಯ ಮೇಲೆ ಸಮೀಕರಣಗಳನ್ನು ಒಂದರ ಕೆಳಗೊಂದು ಬರೆದು, ಸ್ವಸಂಗತ ಕ್ಷೇತ್ರವನ್ನು ಐವತ್ತು ನಿಮಿಷದಲ್ಲಿ ಮುಗಿಸಿದೆ. ಪರೀಕ್ಷೆಯಲ್ಲಿ ಎಲ್ಲರೂ ಅದನ್ನು ಬಾಯಿಪಾಠ ಒಪ್ಪಿಸಿದರು. ಆದರೆ ಹೀಲಿಯಂನ ಎಲೆಕ್ಟ್ರಾನ್ ಎಷ್ಟು ಆವೇಶವನ್ನು ಕಾಣುತ್ತದೆ ಎಂದು ಮೌಖಿಕದಲ್ಲಿ ಕೇಳಿದರೆ ಅರ್ಧದಷ್ಟು ಮಂದಿ ಎರಡು ಎಂದರು, ಇನ್ನರ್ಧ ಒಂದು ಎಂದರು.

ಎರಡನೆಯ ವರ್ಷದಿಂದ ಕ್ರಮ ಬದಲಿಸಿದೆ. ಮೊದಲಿಗೆ ಒಂದೇ ಒಂದು ಸಂಖ್ಯೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಹೈಡ್ರೋಜನ್ನಿನಂತೆಯೇ ಇಟ್ಟುಕೊಳ್ಳುವ ಲೆಕ್ಕ. ಎಲೆಕ್ಟ್ರಾನ್ ಕಾಣುವ ಆವೇಶವನ್ನು ಎರಡು ಎಂದಲ್ಲ, ‘ಎಷ್ಟೋ’ ಎಂದು ಇಟ್ಟುಕೊಂಡು ಒಟ್ಟು ಶಕ್ತಿಯನ್ನು ಪರಮಾಣು ಮಾನದಲ್ಲಿ ಬರೆದರೆ, ‘ಎಷ್ಟೋ’ವಿನ ವರ್ಗದಿಂದ ಅದರ 27/8 ಪಟ್ಟನ್ನು ಕಳೆದದ್ದು ಬರುತ್ತದೆ. ಇದು ಯಾವ ಬೆಲೆಗೆ ಅತ್ಯಂತ ಕೆಳಗಿಳಿಯುತ್ತದೆ ಎಂದು ನೋಡಲು ಪಿಯುಸಿ ಗಣಿತ ಸಾಕು: 27/16, ಅಂದರೆ 1.6875. ಎರಡೂ ಅಲ್ಲ, ಒಂದೂ ಅಲ್ಲ. ಒಂದು ಎಲೆಕ್ಟ್ರಾನ್ ಇನ್ನೊಂದರಿಂದ ಬೀಜಕೇಂದ್ರದ ಎರಡು ಮಾನ ಆವೇಶದಲ್ಲಿ 5/16 ಮಾನವನ್ನು ಮರೆಮಾಡುತ್ತದೆ. ಶಕ್ತಿ ಮೈನಸ್ 77.5 ಎಲೆಕ್ಟ್ರಾನ್ ವೋಲ್ಟ್. ನಾನು ಹನ್ನೊಂದು ದಿನ ಕೂತು, ಮತ್ತೆ ಮೂರು ದಿನ ಕೊಡಪಾನ ಹೊತ್ತು ಪಡೆದ ಮೈನಸ್ 77.9ಕ್ಕೆ ಇದು ಅರೆ ಗಂಟೆಯಲ್ಲಿ ಇಷ್ಟು ಹತ್ತಿರ ಬರುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ನನಗೂ ಸ್ವಲ್ಪ ಕಷ್ಟವೇ ಆಗಿತ್ತು.

ಅದಾದ ಮೇಲೆ ಎರಡು ವಾರ ಕೈಲೆಕ್ಕ. ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕ್ಷೇತ್ರದ ಲೆಕ್ಕ, ಇನ್ನೊಂದಕ್ಕೆ ತರಂಗದ್ದು. ಕ್ಷೇತ್ರದವರು ಕೊಟ್ಟ ಅಂಕಿಗಳ ಪಟ್ಟಿಯನ್ನು ತರಂಗದವರು ಬಳಸಬೇಕು, ಅವರ ಉತ್ತರವನ್ನು ಇವರಿಗೆ ಮರಳಿಸಬೇಕು. ಒಬ್ಬರ ತಪ್ಪು ಇನ್ನೊಬ್ಬರ ತಲೆಯ ಮೇಲೆ ಬೀಳುವುದರಿಂದ ಜಗಳಗಳೂ ಆಗುತ್ತವೆ, ಮೂರು ಭಾಷೆಗಳಲ್ಲಿ. “ಮಾಷೆ, ಮೇಲೆ ಹೋಯಿತು” ಎಂದರೆ ಊಹಿಸಿದ ಶಕ್ತಿ ತೀರ ಕೆಳಗಾಯಿತು ಎಂದರ್ಥ, “ಮುಳುಗಿತು” ಎಂದರೆ ಮೇಲಾಯಿತು ಎಂದರ್ಥ. ಈ ಎರಡು ಶಬ್ದಗಳು ನಮ್ಮ ವಿಭಾಗದಲ್ಲಿ ಪಾರಿಭಾಷಿಕವೇ ಆಗಿಬಿಟ್ಟಿದ್ದವು. ಕೈಲೆಕ್ಕ ನಿಲ್ಲುವ ತನಕ ಗಣಕದ ಕೋಣೆಯ ಬಾಗಿಲು ತೆರೆಯುತ್ತಿರಲಿಲ್ಲ. ಮೊದಲು ಫೋರ್ಟ್ರಾನಿನಲ್ಲಿ, ಈಚೆಗೆ ಪೈಥಾನಿನಲ್ಲಿ, ಇಡೀ ಲೆಕ್ಕ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಕೈಯಿಂದ ಮಾಡಿದವರು ಆ ಸೆಕೆಂಡಿನೊಳಗೆ ಏನೇನು ನಡೆಯಿತೆಂದು ಬಲ್ಲರು. ಮಾಡದವರು ಪರದೆಯ ಮೇಲೆ ಬಂದ ಮೈನಸ್ 50ನ್ನೂ ನಂಬುತ್ತಾರೆ. ಇದು ಹಳಬನ ಹಟ ಎನ್ನುವ ಸಹೋದ್ಯೋಗಿಗಳಿದ್ದರು. ಅವರಿಗೆ ನಾನು ಶಾರ್ಲಟ್ ಫ್ರೂಸ್ ಫಿಷರ್ ಅವರ ಉದಾಹರಣೆ ಕೊಡುತ್ತಿದ್ದೆ. ಹಾರ್ಟ್ರೀಯವರ ಶಿಷ್ಯೆಯಾಗಿ 1957ರಲ್ಲಿ ಡಾಕ್ಟರೇಟ್ ಪಡೆದ ಆಕೆ ಕೇಂಬ್ರಿಜ್‌ನ ಎಡ್ಸಾಕ್ ಗಣಕದ ಮೇಲೆ ಈ ಲೆಕ್ಕಗಳನ್ನು ಬರೆದವರು, ಮುಂದೆ ಕ್ಯಾಲ್ಸಿಯಂ ಪರಮಾಣು ಇನ್ನೂ ಒಂದು ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂದು ಲೆಕ್ಕದಿಂದ ಹೇಳಿದರು, 1987ರಲ್ಲಿ ಪ್ರಯೋಗವೂ ಅದನ್ನೇ ತೋರಿಸಿತು. ನಾನು ಚಾವಡಿಯಲ್ಲಿ ಎರಡರಿಂದ ಗುಣಿಸುತ್ತಿದ್ದ ಅದೇ ವರ್ಷ.

ಎಲ್ಲ ಮುಗಿದ ಮೇಲೆ, ಕೊನೆಯ ತರಗತಿಯಲ್ಲಿ ಒಂದು ಪ್ರಶ್ನೆ ಕೊಡುವುದು ನನ್ನ ಪದ್ಧತಿ. ಅದೇ ಎರಡು ಎಲೆಕ್ಟ್ರಾನುಗಳ ಲೆಕ್ಕವನ್ನು ಹೀಲಿಯಂನ ಬದಲು ಹೈಡ್ರೋಜನ್ ಬೀಜಕೇಂದ್ರಕ್ಕೆ ಮಾಡಿ, ಅಂದರೆ ಹೈಡ್ರೋಜನ್ ಪರಮಾಣು ಒಂದು ಹೆಚ್ಚಿನ ಎಲೆಕ್ಟ್ರಾನನ್ನು ಇಟ್ಟುಕೊಳ್ಳುತ್ತದೆಯೇ ನೋಡಿ. ಸೂತ್ರದಲ್ಲಿ ಬೀಜಕೇಂದ್ರದ ಆವೇಶದಿಂದ 5/16 ಕಳೆದರೆ 11/16 ಬರುತ್ತದೆ, ಶಕ್ತಿ ಮೈನಸ್ 0.473 ಪರಮಾಣು ಮಾನ. ಒಂಟಿ ಹೈಡ್ರೋಜನ್ನಿನದು ಮೈನಸ್ 0.5. ಹೆಚ್ಚಿನ ಎಲೆಕ್ಟ್ರಾನ್ ನಿಲ್ಲುವುದಿಲ್ಲ, ಹೊರಟುಹೋಗುತ್ತದೆ ಎಂದು ಮಕ್ಕಳು ಬರೆದು ಕೊಡುತ್ತಾರೆ. ಸ್ವಸಂಗತ ಕ್ಷೇತ್ರದ ಪೂರ್ತಿ ಲೆಕ್ಕ ಮಾಡಿದರೂ ಮೈನಸ್ 0.488 ಅಷ್ಟೇ. ಆಗ ನಾನು ಕಿಟಕಿಯ ಕಡೆ ತೋರಿಸುತ್ತೇನೆ. ನಮ್ಮ ಕಣ್ಣಿಗೆ ಬೀಳುವ ಸೂರ್ಯನ ಬೆಳಕು ಯಾವ ಆಳದಿಂದ ಹೊರಟು ಬರುತ್ತದೆ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಇಂಥ ಋಣ ಹೈಡ್ರೋಜನ್ ಅಯಾನುಗಳೇ ಎಂದು ಖಗೋಳವಿಜ್ಞಾನಿ ರೂಪರ್ಟ್ ವಿಲ್ಟ್ 1939ರಲ್ಲಿ ಸೂಚಿಸಿದರು, ಅದು ನಿಜವೂ ಆಯಿತು. ಹಾಗಿದ್ದರೆ ನಮ್ಮ ಲೆಕ್ಕ ಎಲ್ಲಿ ತಪ್ಪಿತು?

1944ರಲ್ಲಿ ಖಗೋಳ ಭೌತವಿಜ್ಞಾನಿ ಎಸ್. ಚಂದ್ರಶೇಖರ್ ಇದಕ್ಕೆ ಕೊಟ್ಟ ಉತ್ತರ ನಾನು ಕಲಿಸಿದ್ದರಲ್ಲೆಲ್ಲ ಅತ್ಯಂತ ಚೆಂದದ್ದು ಎಂದು ನನಗೆ ಅನ್ನಿಸುತ್ತದೆ. ಎರಡು ಎಲೆಕ್ಟ್ರಾನುಗಳಿಗೂ ಒಂದೇ ಅಳತೆಯ ಮನೆ ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿದ್ದೆವು. ಅವರು ಒಂದಕ್ಕೆ 1.039 ಆವೇಶದ ಇಕ್ಕಟ್ಟಾದ ಮನೆ, ಇನ್ನೊಂದಕ್ಕೆ 0.283ರ ದೂರದ ಸಡಿಲ ಮನೆ ಎಂದು ಇಟ್ಟರು. ಯಾವುದು ಒಳಗೆ, ಯಾವುದು ಹೊರಗೆ ಎಂದು ಹೇಳುವ ಹಾಗಿಲ್ಲವಾದ್ದರಿಂದ ಎರಡು ಸಾಧ್ಯತೆಗಳನ್ನೂ ಕೂಡಿಸಿದರು. ಶಕ್ತಿ ಮೈನಸ್ 0.513ಕ್ಕೆ ಇಳಿಯಿತು, ಮೈನಸ್ 0.5ರ ಗೆರೆಯನ್ನು ದಾಟಿ. ನಿಜವಾದ ಬೆಲೆ ಮೈನಸ್ 0.528, ಆದರೂ ಎಲೆಕ್ಟ್ರಾನ್ ನಿಲ್ಲುತ್ತದೆ ಎಂಬುದಕ್ಕೆ ಅಷ್ಟೇ ಸಾಕು.

ನಾನು ನಿವೃತ್ತನಾಗುವ ಹಿಂದಿನ ವರ್ಷ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಎರಡೂ ಒಂದೇ ಥರದ ಎಲೆಕ್ಟ್ರಾನುಗಳಾಗಿರುವಾಗ ಒಂದಕ್ಕೆ ಚಿಕ್ಕ ಮನೆ, ಇನ್ನೊಂದಕ್ಕೆ ದೊಡ್ಡ ಮನೆ ಹೇಗೆ ನ್ಯಾಯ ಎಂದು ಕೇಳಿದಳು. ನ್ಯಾಯದ ಪ್ರಶ್ನೆಯನ್ನು ಬದಿಗಿಟ್ಟು, ಅನುಕಲನಗಳನ್ನೆಲ್ಲ (ಇಂಟಿಗ್ರಲ್‌ಗಳನ್ನು) ಕೈಯಿಂದಲೇ ಮಾಡಬಹುದು, ಮಾಡಿ ನೋಡು ಎಂದೆ. ಒಂದು ವಾರದ ಮೇಲೆ ಕಾಲೇಜು ಬಿಟ್ಟ ಹೊತ್ತಿಗೆ ಹದಿನಾಲ್ಕು ಪುಟ ತಂದಳು. ಮೈನಸ್ 0.5 ದಾಟಿತ್ತು, ಆದರೆ ಎರಡನೆಯ ದಶಮಾಂಶ ನನ್ನದರೊಂದಿಗೆ ಹೊಂದಲಿಲ್ಲ. ಅದಲುಬದಲಿನ ಪದದಲ್ಲಿ ಎಲ್ಲೋ ಎರಡರಿಂದ ಗುಣಿಸುವುದು ಬಿಟ್ಟುಹೋಗಿರಬೇಕೆಂದು ನಾನು, ಇಲ್ಲ ತಳ್ಳಾಟವನ್ನು ತಾನು ಎರಡು ಸಲ ಎಣಿಸಿಲ್ಲ, ನೋಡಿ ಎಂದು ಅವಳು. ಹನ್ನೊಂದನೆಯ ಪುಟದಲ್ಲಿ ತಪ್ಪು ಸಿಗುವಾಗ ಅವಳ ಬದಿಯಡ್ಕದ ಬಸ್ಸು ಹೋಗಿ ಆಗಿತ್ತು.